ಗುಟುಕಿಗೊಂದು ಜಗಲಿ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರಗಳು. ಕಳೆದ ಸಂಚಿಕೆಯ ‘ಎರಡು ದಿನ, ಆರು ಬಾರು’ ಲೇಖನ ಓದಿ ಬೇಸರವಾಯಿತು. ನಮ್ಮ ಮಂಡ್ಯದ ಹೆಣ್ಣುಮಗಳೊಬ್ಬಳು ಶನಿವಾರ, ಭಾನುವಾರ ಬೆಂಗಳೂರಿನ ಕಾಕ್‌ಟೇಲ್ ಹಬ್ಬಕ್ಕೆ ಹೋಗಿ, ಕೈಗೆ ಟಿಕೆಟ್ಟಿನ ಪಟ್ಟಿ ಕಟ್ಟಿಸಿಕೊಂಡು, ಬಾರಿನಿಂದ ಬಾರಿಗೆ ಅಲೆದದ್ದನ್ನು ತಿರುಪತಿಗೆ ಹೋಗಿಬಂದಷ್ಟು ಸಡಗರದಿಂದ ಬರೆದಿದ್ದಾಳೆ. ಕುಡಿತಕ್ಕೂ ಹಬ್ಬ ಅನ್ನುವ ಹೆಸರೇ? 32 ವರ್ಷ ಪಾಠ ಮಾಡಿದವನು ನಾನು. ಕುಡಿದು ಹಾಳಾದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಇಂಥದ್ದನ್ನೇ ಹಾಕುವುದಾದರೆ ನನ್ನ ಚಂದಾ ನಿಲ್ಲಿಸಿಬಿಡಿ.
— ನಿವೃತ್ತ ಮೇಷ್ಟ್ರು, ಮಂಡ್ಯ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಒಂದು ಕಾಗುಣಿತ ತಪ್ಪಿಲ್ಲ. ಒಂದು ಒತ್ತಕ್ಷರ ಜಾರಿಲ್ಲ. ಇಷ್ಟು ಶುದ್ಧವಾಗಿ ಬೈಯುವವರು ಈಗ ಅಪರೂಪ. ‘ಸರ್, ನಮ್ಮ ಪ್ರೂಫ್ ನೋಡೋಕೆ ಇವರನ್ನೇ ಕೇಳಬಾರದಾ?’ ಅಂದಳು ನಮ್ಮ ಡಿಟಿಪಿ ಹುಡುಗಿ.

ಮೊದಲು ನಿಮ್ಮ ಮಾತು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಧಾನಕ್ಕೆ ಜಗಳ ಆಡೋಣ. ಕುಡಿತ ಮನೆ ಮುರಿಯುತ್ತದೆ, ನಿಜ. ಹಳ್ಳಿ ಹೆಣ್ಣುಮಕ್ಕಳು ಅಂಗಡಿ ಮುಂದೆ ಧರಣಿ ಕೂತದ್ದು ಸುಮ್ನೆ ಅಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಸರಿ, ಅದಾಯಿತು.

ಈಗ ನಾನು ಕೇಳುತ್ತೇನೆ. ಲೇಖನ ಪೂರ್ತಿ ಓದಿದಿರಾ? ಶೀರ್ಷಿಕೆ ಓದಿ ಉತ್ತರ ಬರೆದ ಹುಡುಗನಿಗೆ ನೀವು ಎಷ್ಟು ಮಾರ್ಕ್ಸ್ ಕೊಡುತ್ತಿದ್ದಿರಿ?

ಆ ಹುಡುಗಿ ಏನು ಬರೆದಿದ್ದಾಳೆ ನೋಡಿ. ಆರು ಬಾರು, ಎರಡು ದಿನ. ಅಂದರೆ ದಿನಕ್ಕೆ ಮೂರು. ಹಬ್ಬದ ಪಟ್ಟಿ ಕಟ್ಟಿದವರಿಗೆ ಸಿಗುವುದು ಚಿಕ್ಕ ಗ್ಲಾಸು. ಪ್ರತಿ ಗ್ಲಾಸಿನ ಜೊತೆ ಒಂದು ಲೋಟ ನೀರು. ಚರ್ಚ್ ಸ್ಟ್ರೀಟಿನಿಂದ ನಡೆದು ಎಂ.ಜಿ. ರಸ್ತೆಗೆ, ಅಲ್ಲಿಂದ ಮೆಟ್ರೊ ಹಿಡಿದು ಇಂದಿರಾನಗರಕ್ಕೆ. ಎರಡನೇ ಬಾರಿನಲ್ಲಿ ಗ್ಲಾಸು ಕಲಸಿಕೊಟ್ಟ ಹುಡುಗ ಮಳವಳ್ಳಿ ಕಡೆಯವನು. ಅವನ ತಾತ ಆಲೆಮನೆ ನಡೆಸುತ್ತಿದ್ದರಂತೆ. ಬೆಲ್ಲ, ಹುಣಸೆ, ಒಂದು ಚೂರು ಹಸಿ ಶುಂಠಿ ಹಾಕಿ ಅವನು ಏನೋ ಮಾಡಿಕೊಟ್ಟ. ಇವಳು ಕಾಲು ಗಂಟೆ ಕೂತು ಅವನ ಜೊತೆ ಆಲೆಮನೆ ಮಾತಾಡಿದಳು. ಮೂರನೇ ಕಡೆ ಕೊಟ್ಟದ್ದು ಹಿಡಿಸಲಿಲ್ಲ. ‘ಅರ್ಧ ಬಿಟ್ಟು ಎದ್ದು ಬಂದೆ’ ಎಂದು ಬರೆದಿದ್ದಾಳೆ.

ಮೇಷ್ಟ್ರೇ, ಲೇಖನ ಹಾಕಿದ್ದೇ ಆ ಒಂದು ವಾಕ್ಯಕ್ಕೆ. ನಮ್ಮ ಕಡೆ ಒಬ್ಬ ಗಂಡಸು ಗ್ಲಾಸಿನಲ್ಲಿ ಅರ್ಧ ಬಿಟ್ಟು ಎದ್ದದ್ದನ್ನು ನಿಮ್ಮ ಜೀವಮಾನದಲ್ಲಿ ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ನಾನು ಕಂಡಿರುವುದು ಬೇರೆ. ಮೈಸೂರಿನಲ್ಲಿ ನಮ್ಮ ಕಚೇರಿಯ ಹತ್ತಿರವೇ ಒಂದು ವೈನ್ ಶಾಪ್ ಇದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕು ಜನ ನಿಂತಿರುತ್ತಾರೆ. ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕು. ಹಲ್ಲಲ್ಲಿ ಮೂಲೆ ಕಚ್ಚುತ್ತಾರೆ, ಪ್ಲಾಸ್ಟಿಕ್ ಲೋಟಕ್ಕೆ ಸುರಿಯುತ್ತಾರೆ, ನೀರು ಬಿದ್ದಿತೋ ಇಲ್ಲವೋ, ಕಣ್ಣು ಮುಚ್ಚಿ ಒಂದೇ ಸಲ. ಬೆರಳಲ್ಲಿ ಉಪ್ಪಿನಕಾಯಿ ನೆಕ್ಕಿ ಬಸ್ಸಿಗೆ ಓಡುತ್ತಾರೆ. ಒಂದು ನಿಮಿಷದ ಕೆಲಸ. ರುಚಿ ಹೇಗಿತ್ತು ಎಂದು ಕೇಳಿದರೆ ಹುಚ್ಚ ಅಂದುಕೊಳ್ಳುತ್ತಾರೆ.

ಕಾನೂನು ಬೇರೆ ಇದಕ್ಕೆ ತಕ್ಕಂತಿದೆ. ಸಿಎಲ್-2 ಲೈಸೆನ್ಸಿನ ಅಂಗಡಿಯಲ್ಲಿ, ಅಂದರೆ ವೈನ್ ಶಾಪಿನಲ್ಲಿ, ಕೊಳ್ಳಬಹುದು, ಕೂತು ಕುಡಿಯುವಂತಿಲ್ಲ. ಕೂರಬೇಕು ಅಂದರೆ ಸಿಎಲ್-9 ಬಾರಿಗೆ ಹೋಗಬೇಕು, ಅಲ್ಲಿ ರೇಟು ಜಾಸ್ತಿ. ಕೂಲಿಯವನು ಎಲ್ಲಿಗೆ ಹೋಗಬೇಕು? ಕೆರೆ ಏರಿಗೆ, ನಾಲೆ ದಂಡೆಗೆ, ಯಾರದೋ ಗದ್ದೆಗೆ. ಅಲ್ಲಿ ಒಡೆದ ಬಾಟ್ಲಿಯ ಚೂರು ಮಾರನೇ ದಿನ ನಾಟಿ ಮಾಡುವ ಹೆಂಗಸಿನ ಕಾಲಿಗೆ ಹೋಗುತ್ತದೆ. 2025-26ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಅಬಕಾರಿಯಿಂದ ಎದುರು ನೋಡಿದ ಆದಾಯ 40,000 ಕೋಟಿ ರೂಪಾಯಿ. ಅಷ್ಟು ದುಡ್ಡು ಕೊಡುವವನಿಗೆ ಒಂದು ಸ್ಟೂಲು ಹಾಕುವ ಯೋಗ್ಯತೆ ನಮಗಿಲ್ಲ.

ನಮ್ಮ ಮಾತನ್ನೇ ಗಮನಿಸಿ. ಕಾಫಿಯನ್ನು ಹೀರುತ್ತೇವೆ. ಮಜ್ಜಿಗೆ ಕುಡಿಯುತ್ತೇವೆ. ಎಣ್ಣೆಯನ್ನು ಮಾತ್ರ ‘ಹೊಡೆಯುತ್ತೇವೆ’, ‘ಏರಿಸುತ್ತೇವೆ’. ಎಲ್ಲಾ ಜಗಳದ ಮಾತು.

ನಮ್ಮ ಸೋದರಮಾವ ಒಬ್ಬರಿದ್ದರು, ಪಾಂಡವಪುರದ ಕಡೆ. ತಾತನಿಗೆ ಬಹಳ ಹೆದರುತ್ತಿದ್ದರು. ಹುಲ್ಲಿನ ಮೆದೆ ಹಿಂದೆ ಹೋಗಿ, ನಿಂತುಕೊಂಡೇ, ಇಡೀ ಕ್ವಾರ್ಟರನ್ನು ಗಂಟಲಿಗೆ ಸುರಿದು ಬರುತ್ತಿದ್ದರು. ಯಾರಾದರೂ ಬಂದುಬಿಟ್ಟರೆ ಅನ್ನುವ ಭಯ. ಕದ್ದು ಕುಡಿಯುವವನಿಗೆ ಅಳತೆ ಎಲ್ಲಿಂದ ಬರಬೇಕು? 51ಕ್ಕೆ ಹೋದರು. ಅದೇ ತಾತ, ಯಾರಿಗೆ ಮಾವ ಹೆದರುತ್ತಿದ್ದರೋ ಅವರೇ, ತಮ್ಮ ಕಾಲದಲ್ಲಿ ಸಂಜೆ ಈಚಲು ಮರದ ಕೆಳಗೆ ಕೂತು ಹೆಂಡ ಕುಡಿದವರು. ಎದುರಿಗೆ ಎಲೆಯ ಮೇಲೆ ಬೇಯಿಸಿದ ಕಡಲೆ, ಸುಟ್ಟ ಮೀನು. ಸುತ್ತ ನಾಲ್ಕು ಜನ. ಬೆಳಿಗ್ಗೆ ಇಳಿಸಿದ ಹೆಂಡ ಹೊತ್ತು ಹೋದಂತೆ ಹುಳಿ ಬರುತ್ತದೆ, ಮನೆಗೆ ತಂದು ಇಟ್ಟುಕೊಳ್ಳುವ ಮಾತೇ ಇಲ್ಲ. 84 ವರ್ಷ ಬದುಕಿದರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಮಾವನ ತಿಥಿಯ ದಿನ ನನಗೆ ಆ ಮೆದೆಯೇ ನೆನಪಾಗುತ್ತದೆ.

ಕುಡಿತಕ್ಕೆ ಹಬ್ಬ ಅನ್ನಬಹುದೇ ಎಂದು ಕೇಳಿದ್ದೀರಿ. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದವನು. ಅವನ ಮಾನಸೋಲ್ಲಾಸದಲ್ಲಿ ಚದುರಂಗ, ಪಗಡೆ, ಉಯ್ಯಾಲೆಯ ಸಾಲಿನಲ್ಲೇ ಮದಿರಾಪಾನವೂ ಒಂದು ಕ್ರೀಡೆ. ನಾವು ಹಬ್ಬ ಅಂದದ್ದಕ್ಕೇ ಬೈಗುಳ ತಿಂದೆವು, ದೊರೆ ಆಟ ಅಂದುಬಿಟ್ಟಿದ್ದ.

ಕಾಕ್‌ಟೇಲಿನ ಕಥೆ ಇನ್ನೂ ಮಜವಾಗಿದೆ, ಅದರಲ್ಲೂ ನನ್ನಂಥವನಿಗೆ. 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಗೆ ಒಬ್ಬ ಓದುಗ ಪತ್ರ ಬರೆದ. ನಿಮ್ಮ ಪತ್ರಿಕೆಯಲ್ಲಿ ಕಾಕ್‌ಟೇಲ್ ಅಂತ ಬಂದಿದೆಯಲ್ಲ, ಹಾಗಂದರೇನು? ಸಂಪಾದಕ ಮೇ 13ರ ಸಂಚಿಕೆಯಲ್ಲಿ ಉತ್ತರ ಕೊಟ್ಟ: ಯಾವುದಾದರೂ ಮದ್ಯ, ಸಕ್ಕರೆ, ನೀರು, ಕಹಿ. ಕಾಕ್‌ಟೇಲ್ ಅಂದರೆ ಏನೆಂದು ಅಚ್ಚಿನಲ್ಲಿ ಮೊದಲು ಬಿಡಿಸಿ ಹೇಳಿದ್ದು ಅಲ್ಲಿಯೇ ಎನ್ನುತ್ತಾರೆ. ಅಂದರೆ ಓದುಗರ ಪತ್ರಕ್ಕೆ ಬರೆದ ಉತ್ತರದಲ್ಲಿ! ಚುನಾವಣೆಗೆ ನಿಂತವರಿಗೆ ಇದು ಬಹಳ ಉಪಯೋಗ, ಇದನ್ನು ಒಂದು ಗ್ಲಾಸು ನುಂಗಿದವನು ಆಮೇಲೆ ಏನು ಬೇಕಾದರೂ ನುಂಗುತ್ತಾನೆ ಎಂದೂ ಆ ಪುಣ್ಯಾತ್ಮ ಸೇರಿಸಿದ್ದ. ಮಂಡ್ಯದವರಾದ ನಿಮಗೆ ಚುನಾವಣೆ ವಿಷಯ ನಾನು ಬಿಡಿಸಿ ಹೇಳಬೇಕಾ?

ಸಕ್ಕರೆ ಮತ್ತು ಕಹಿ ಒಂದೇ ಬಾಯಿಗೆ ಹಾಕಿಕೊಳ್ಳುವುದು ನಮಗೆ ಹೊಸದೇ? ಯುಗಾದಿ ಬೆಳಿಗ್ಗೆ ನಾವು ಮಾಡುವುದೂ ಅದನ್ನೇ. ಸಿಟ್ಟಾಗಬೇಡಿ, ಹೋಲಿಕೆ ರುಚಿಗೆ ಮಾತ್ರ. ಕಾಕ್‌ಟೇಲಿಗೂ ಹಿಂದಿನದು ಪಂಚ್ ಅನ್ನುವ ಪಾನೀಯ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನವರು ಹದಿನೇಳನೇ ಶತಮಾನದಲ್ಲಿ ನಮ್ಮ ಕಡೆಯಿಂದ ಕಲಿತು ಹೋದದ್ದು. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ, ಒಟ್ಟು ಐದು. ‘ಪಂಚ’ ಅನ್ನುವುದೇ ಅದರ ಹೆಸರಾಯಿತು ಎನ್ನುವವರು ಬಹಳ ಜನ. ಅದರಿಂದ ಮದ್ಯ ತೆಗೆದರೆ ಏನು ಉಳಿಯುತ್ತದೆ ಹೇಳಿ? ರಾಮನವಮಿ ಪಾನಕ.

ಇನ್ನು ಬಾರಿನಿಂದ ಬಾರಿಗೆ ‘ಅಲೆಯುವುದು’. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಈಗ ಜಗತ್ತೆಲ್ಲ ಸೇರುವ ಇಂಥದ್ದೇ ಒಂದು ಹಬ್ಬ ನಡೆಯುತ್ತದೆ. 2002ರಲ್ಲಿ ಅದು ಶುರುವಾದದ್ದು ಹಳೇ ಬಾರುಗಳನ್ನು ನಡೆದುಕೊಂಡು ನೋಡುವ ಒಂದು ಸುತ್ತಾಟವಾಗಿ. ಲಂಡನ್ನಿನಲ್ಲಿ 2010ರಲ್ಲಿ ಕಾಕ್‌ಟೇಲ್ ವೀಕ್ ಶುರುವಾಯಿತು, ಅಲ್ಲೂ ಕೈಗೆ ಪಟ್ಟಿ ಕಟ್ಟುತ್ತಿದ್ದರು. ಒಂದು ಕಡೆಯಿಂದ ಎದ್ದು, ನಾಲ್ಕು ಹೆಜ್ಜೆ ನಡೆದು, ಗಾಳಿ ಕುಡಿದು ಇನ್ನೊಂದು ಕಡೆ ಕೂರುವುದು. ಒಂದು ಸಣ್ಣ ಪೆಗ್ಗನ್ನು ಕರಗಿಸಲು ಲಿವರಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಆ ಗಂಟೆಯನ್ನು ಅದಕ್ಕೆ ಕೊಡುವುದು ಈ ನಡಿಗೆ, ಈ ಹರಟೆ. ಬಾಟ್ಲಿ ಖಾಲಿಯಾಗುವ ತನಕ ಒಂದೇ ಮೂಲೆಯಲ್ಲಿ ಅಲ್ಲಾಡದೆ ಕೂರುವ ನಮ್ಮ ಶೂರರಿಗಿಂತ ಅಲೆಯುವವಳೇ ವಾಸಿ ಅಲ್ವಾ?

ಇನ್ನೊಂದು ವಿಷಯ ನೀವು ಮರೆತಿದ್ದೀರಿ. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರುವುದರಲ್ಲಿ ಎಷ್ಟೋ ಬಾಟ್ಲಿಗಳ ಮೂಲ ಕಾಕಂಬಿ, ಅಂದರೆ ಕಬ್ಬು. ಮಂಡ್ಯದಲ್ಲಿ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಯಿತು. ಅದರ ಜೊತೆ ಡಿಸ್ಟಿಲರಿಯೂ ಇತ್ತು. ನಿಮ್ಮ ಶಾಲೆಯ ಎಷ್ಟು ಮಕ್ಕಳ ಫೀಸು ಕಬ್ಬಿನ ದುಡ್ಡಿನಿಂದ ಬಂದಿತ್ತು? ಬೆಳೆಯುವಾಗ ಲಕ್ಷ್ಮಿ, ಅರೆಯುವಾಗ ಲಕ್ಷ್ಮಿ, ಗ್ಲಾಸಿಗೆ ಬಿದ್ದಾಗ ಮಾತ್ರ ಮೂದೇವಿ. ಅದೇ ಕಾಕಂಬಿ ಇಂದಿರಾನಗರದಲ್ಲಿ ಮರದ ಟೇಬಲ್ಲಿನ ಮೇಲೆ ಹೂವು ಇಟ್ಟುಕೊಂಡು ಬರುತ್ತದೆ, ಇಲ್ಲಿ ನ್ಯೂಸ್ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತದೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿನ ಹೂವು ನೋಡಿ ಅಲ್ಲ, ಇಲ್ಲಿನ ಸುತ್ತುವಿಕೆ ನೋಡಿ.

ನನ್ನ ಹಳೇ ರೋಗ ನಿಮಗೆ ಗೊತ್ತೇ ಇದೆ. ಯಾವ ವಿಷಯ ಎತ್ತಿದರೂ ಕೂರುವ ಜಾಗಕ್ಕೆ ಬಂದು ನಿಲ್ಲುತ್ತೇನೆ. ನಮ್ಮ ಊರುಗಳಲ್ಲಿ ಕೂರುವುದೇ ತಪ್ಪಾಗಿಬಿಟ್ಟಿದೆ. ಅಗ್ರಹಾರದ ಮನೆಗಳಿಗೆಲ್ಲ ಮೊದಲು ಜಗಲಿ ಇತ್ತು. ಈಗ ಆ ಜಾಗದಲ್ಲಿ ಕಾರು ಮಲಗುತ್ತದೆ. ಬೆಂಗಳೂರಿನಲ್ಲಿ 1983ರಲ್ಲಿ ದರ್ಶಿನಿ ಶುರುವಾಯಿತು, ಇಡ್ಲಿಯನ್ನೂ ನಿಂತು ನುಂಗುವುದು ಕಲಿತೆವು. ಕೂರುವ ಹೋಟೆಲಿನಲ್ಲಿ ‘ಹೆಚ್ಚು ಹೊತ್ತು ಕೂರಬೇಡಿ’ ಅನ್ನುವ ಬೋರ್ಡು. ಮೈಸೂರಿನಲ್ಲಿ ವೈಸರಾಯರು ಬಂದರೆ ಇರಲಿ ಎಂದು 1921ರಲ್ಲಿ ಲಲಿತಮಹಲ್ ಕಟ್ಟಲು ಕೈಹಾಕಿದರು. ಅತಿಥಿಗೆ ಅರಮನೆ, ಟಾಂಗಾದವನಿಗೆ ಕೂರಲು ಜಗಲಿಯೂ ಇಲ್ಲ. ನೂರು ವರ್ಷ ಆಯಿತು, ಲೆಕ್ಕ ಬದಲಾಗಿಲ್ಲ.

ರಸ್ತೆಯೂ ಹಾಗೇ. 2023ರ ಮಾರ್ಚ್ 12ಕ್ಕೆ ಪ್ರಧಾನಿ ಮಂಡ್ಯಕ್ಕೇ ಬಂದು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಮಾಡಿದರು. ಬೆಂಗಳೂರು ಒಂದೂವರೆ ಗಂಟೆ ದೂರ. ಬಹಳ ಸಂತೋಷ. ಆದರೆ ಮದ್ದೂರು ಈಗ ಒಂದು ಬೋರ್ಡು ಮಾತ್ರ. ಮೊದಲು ಅಲ್ಲಿ ಇಳಿದು, ಕೂತು, ಬಿಸಿ ವಡೆ ಮುರಿದು, ಕಾಫಿ ಹೀರಿ, ಪಕ್ಕದ ಟೇಬಲ್ಲಿನವರ ಊರು ಕೇಳಿ, ನೆಂಟಸ್ತಿಕೆ ಹುಡುಕಿ ಹೊರಡುತ್ತಿದ್ದೆವು. ಕ್ವಾರ್ಟರನ್ನು ಒಂದೇ ಸಲ ಗಂಟಲಿಗೆ ಸುರಿಯುವ ನನ್ನ ಮಾವನ ಹಾಗೇ ಈ ರಸ್ತೆಯೂ. ಮೈಸೂರು ಬಂತು, ದಾರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೈಸೂರಿನಲ್ಲೂ ಇಂಥ ಹಬ್ಬ ಬರಲಿ ಎಂದು ನಮ್ಮ ಕಚೇರಿಯ ಹುಡುಗರು ಕೇಳುತ್ತಾರೆ. ದಸರಾದಲ್ಲಿ ಆಹಾರ ಮೇಳಕ್ಕೆ ಜನ ಮುಗಿಬೀಳುವುದನ್ನು ನೋಡಿದರೆ ಆಸೆಯೇನೋ ಆಗುತ್ತದೆ. ನಂಜನಗೂಡು ರಸಬಾಳೆ ಇದೆ, ವೀಳ್ಯದೆಲೆ ಇದೆ, ಕೊಡಗಿನ ಕಿತ್ತಳೆ ಪಕ್ಕದಲ್ಲೇ ಇದೆ, ಕೈಚಳಕ ಇರುವ ಮಳವಳ್ಳಿ ಹುಡುಗನೂ ಇದ್ದಾನೆ. ಇಲ್ಲದಿರುವುದು ನೆಟ್ಟಗಿನ ಫುಟ್‌ಪಾತು, ರಾತ್ರಿ ಹೊತ್ತಾದ ಮೇಲೆ ಬೇಕಾದಷ್ಟು ಸಿಟಿ ಬಸ್ಸು. ಕುಡಿದವನು ಬೈಕ್ ಹತ್ತಲೇಬೇಕಾದ ಊರಿನಲ್ಲಿ ಹಬ್ಬ ಬೇಡ. ನೂರು ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ನಮ್ಮ ಲೇಖಕಿ ಮೆಟ್ರೊ ಹತ್ತಿ ರೂಮಿಗೆ ಹೋದಳು ಅನ್ನುವುದನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ಓದಿ. ಹನ್ನೊಂದನೇ ಪುಟ, ಎರಡನೇ ಕಾಲಂ.

‘ಮನೆಯಲ್ಲಿ ಓದುವ ಪತ್ರಿಕೆಯಲ್ಲಿ ಎಣ್ಣೆ ವಿಷಯ ಬೇಡ’ ಅನ್ನುವವರು ನಿಮ್ಮ ಹಾಗೆ ಇನ್ನೂ ಇದ್ದಾರೆ. ಅವರಿಗೆಲ್ಲ ಒಂದು ಸಣ್ಣ ಸುದ್ದಿ. ಹೋದ ತಿಂಗಳು ನಾನು ಹೇಳಿದ ಆ ವೈನ್ ಶಾಪಿನ ಮುಂದೆ ಹೋಗುತ್ತಿದ್ದೆ. ಒಬ್ಬ ಮುದುಕಪ್ಪ ಬಾಟ್ಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದ. ಸುತ್ತಿದ ಹಾಳೆಯ ಬಣ್ಣ ಎಲ್ಲೋ ನೋಡಿದ ಹಾಗಿತ್ತು. ನಮ್ಮದೇ ಪತ್ರಿಕೆ. ನನ್ನದೇ ಸಂಪಾದಕೀಯ, ‘ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ’.

ಇನ್ನು ನಿಮ್ಮ ಚಂದಾ. ನಿಲ್ಲಿಸಿ ಅಂದಿರಿ, ಉಳಿದ ಹಣ ಎಷ್ಟಿದೆ ನೋಡಿ ವಾಪಸ್ ಕಳಿಸು ಎಂದು ಲೆಕ್ಕ ನೋಡುವ ಹುಡುಗನಿಗೆ ಹೇಳಿದೆ. ಅವನು ರಿಜಿಸ್ಟರ್ ತಿರುವಿ ನಕ್ಕ. ‘ಸರ್, ಇವರ ಚಂದಾ ಮುಗಿದು 14 ತಿಂಗಳಾಯಿತು. ಮೇಷ್ಟ್ರು ಚೆನ್ನಾಗಿ ಬೈತಾರೆ, ನಿಲ್ಲಿಸಬೇಡ ಅಂತ ನೀವೇ ಅಂದಿದ್ರಿ.’ ಹಾಗಾಗಿ ಈ ತಿಂಗಳ ಸಂಚಿಕೆಯೂ ಬರುತ್ತದೆ. ಪುಟ ಹನ್ನೊಂದು ಮರೆಯಬೇಡಿ.