ಐಡಾ ಡಾಕ್ಟರಮ್ಮ ಪಾಠ ಹೇಳೋಕೆ ಯಾಕೆ ನಿಂತ್ರು?

ಪ್ರಶ್ನೆ: ಅಮ್ಮನ ಟ್ರೀಟ್‌ಮೆಂಟಿಗೆ ಅಂತ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಗೆ ಹೋಗಿದ್ದಾಗ ಅದನ್ನ ಶುರು ಮಾಡಿದ ಐಡಾ ಸ್ಕಡರ್ ಹೆಸರು ಕೇಳಿದೆ. ಒಂದೇ ರಾತ್ರೀಲಿ ಮೂವರು ಹೆಂಗಸರು ತೀರಿಕೊಂಡಿದ್ದಕ್ಕೆ ಅವರು ಡಾಕ್ಟರ್ ಆದ್ರಂತೆ, ನಿಜಾನಾ? ಮೊದಲು ಒಂದೇ ಮಂಚ ಇತ್ತಂತೆ, ಹೌದಾ? ಆಸ್ಪತ್ರೆ ಇದ್ದ ಮೇಲೆ ಕಾಲೇಜು ಯಾಕೆ ಬೇಕಾಯ್ತು?

ಉತ್ತರ: ನಿಜಾನೇ, ಐಡಾ ಅವರೇ ಎಷ್ಟೋ ಸಲ ಹೇಳ್ಕೊಂಡಿರೋ ವಿಷಯ ಅದು. ಹುಟ್ಟಿದ್ದು 1870ರಲ್ಲಿ, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಲಿ, ಅಮೆರಿಕನ್ ಮಿಷನರಿ ಮನೆತನ, ತಾತ ಡಾಕ್ಟ್ರು, ಅಪ್ಪ ಜಾನ್ ಸ್ಕಡರ್ ಕೂಡ ಡಾಕ್ಟ್ರು. ಈ ಹುಡುಗಿಗೆ ಮಾತ್ರ ಮಿಷನ್ ಕೆಲಸ ಬೇಡ್ವೇ ಬೇಡ ಅನ್ನಿಸಿತ್ತು. ಅಮೆರಿಕದಲ್ಲಿ ಓದ್ತಿದ್ದೋರು ತಾಯಿಗೆ ಹುಷಾರಿಲ್ಲ ಅಂತ ಅಪ್ಪ ಅಮ್ಮ ಇದ್ದ ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ರು, ಸ್ವಲ್ಪ ದಿನ ಇದ್ದು ವಾಪಸ್ ಹೋಗೋ ಲೆಕ್ಕ. ಆ ರಾತ್ರಿ ಮೂರು ಮನೆ ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದ್ರು, ಮೂವರ ಹೆಂಡತೀರಿಗೂ ಹೆರಿಗೆ ಕಷ್ಟ ಆಗಿತ್ತು. ನಾನು ಡಾಕ್ಟರ್ ಅಲ್ಲ, ಅಪ್ಪ ಇದಾರೆ ಕರ್ಕೊಂಡು ಹೋಗಿ ಅಂದ್ರೆ, ಪರಗಂಡಸು ಒಳಗೆ ಬರೋ ಹಾಗಿಲ್ಲ ಅಂತ ಮೂವರೂ ಹಾಗೇ ಹೊರಟುಹೋದ್ರು. ಬೆಳಗಾಗೋದ್ರಲ್ಲಿ ಆ ಮೂವರು ಹೆಣ್ಣುಮಕ್ಕಳೂ ಇಲ್ಲ. ಕರೆದ್ರೆ ಹೋಗೋಕೆ ಡಾಕ್ಟ್ರು ಅದೇ ಮನೇಲೇ ಇದ್ರು ನೋಡಿ, ಅದನ್ನ ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚಿದ ಹಾಗಾಗುತ್ತೆ.

1899ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟೀಲಿ ಡಾಕ್ಟರ್ ಓದು ಮುಗಿಸಿ, ಆಸ್ಪತ್ರೆಗೆ ಅಂತ ಒಬ್ಬ ದಾನಿ ಕೊಟ್ಟ 10,000 ಡಾಲರ್ ಜೊತೆ 1900ರಲ್ಲಿ ವೆಲ್ಲೂರಿಗೆ ಬಂದ್ರು. ಶುರು ಮಾಡಿದ್ದು ಮನೇಲೇ, ಒಂದೇ ಮಂಚ, ಅದೂ ಹೌದು. 1902ಕ್ಕೆ 40 ಹಾಸಿಗೆಯ ಆಸ್ಪತ್ರೆ ಎದ್ದಿತು.

ಕಾಲೇಜಿನ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಎಲ್ರೂ ಆ ರಾತ್ರಿ ಕಥೆ ಹೇಳಿ ನಿಲ್ಲಿಸಿಬಿಡ್ತಾರೆ. ಹಗಲೂ ರಾತ್ರಿ ದುಡಿದ್ರೂ ಒಬ್ಬ ಲೇಡಿ ಡಾಕ್ಟರ್ ಎಷ್ಟು ಮನೆಗೆ ಹೋಗೋಕಾಗುತ್ತೆ ಹೇಳಿ, ಸುತ್ತಮುತ್ತ ಅಷ್ಟೊಂದು ಹಳ್ಳಿ, ರಸ್ತೆ ಬದಿ ಮರದ ಕೆಳಗೆ ಗಾಡಿ ನಿಲ್ಲಿಸಿ ರೋಗಿಗಳನ್ನ ನೋಡೋದನ್ನೂ ಮಾಡಿದ್ರು, ಆದ್ರೂ ಸಾಕಾಗ್ತಿರಲಿಲ್ಲ. ಇಲ್ಲಿನ ಹೆಣ್ಣುಮಕ್ಕಳೇ ಕಲೀಬೇಕು ಅಂತ 1909ರಲ್ಲಿ ನರ್ಸಿಂಗ್ ಸ್ಕೂಲು, 1918ರಲ್ಲಿ ಹುಡುಗೀರಿಗೆ ಮೆಡಿಕಲ್ ಸ್ಕೂಲು ತೆಗೆದ್ರು. ಮೂರು ಅರ್ಜಿ ಬಂದ್ರೆ ನಿಮ್ಮ ಪುಣ್ಯ ಅನ್ನೋ ಥರ ಮಾತಾಡಿದ್ರು ಮದ್ರಾಸಿನ ಅಧಿಕಾರಿಗಳು, ಬಂದಿದ್ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಪಾಠ ಮಾಡೋರು ಬೆರಳೆಣಿಕೆ, ಐಡಾನೇ ಆಪರೇಷನ್ನೂ ಮಾಡಿ ಕ್ಲಾಸಿಗೂ ಹೋಗ್ತಿದ್ರು. 1922ರಲ್ಲಿ ಮೊದಲ ಬ್ಯಾಚಿನ 14 ಹುಡುಗೀರು ಸರ್ಕಾರದ ಪರೀಕ್ಷೆ ಬರೆದ್ರು, 14 ಜನಾನೂ ಪಾಸು!

ಅದು ಡಿಪ್ಲೊಮಾ, ಎಲ್‌ಎಂಪಿ ಅಂತಿದ್ರು. ಆಮೇಲೆ ಸರ್ಕಾರ ಡಿಪ್ಲೊಮಾ ಸಾಲದು, ಡಿಗ್ರಿ ಮಟ್ಟಕ್ಕೆ ಏರಿಸಿ ಇಲ್ಲಾಂದ್ರೆ ಮುಚ್ಚಿ ಅಂದಾಗ ಐಡಾಗೆ ಎಪ್ಪತ್ತರ ಹತ್ತಿರ. ಆ ವಯಸ್ಸಲ್ಲಿ ಅಮೆರಿಕದಲ್ಲಿ ಊರೂರು ಸುತ್ತಿ ದುಡ್ಡು ಕೂಡಿಸಿದ್ರು. 1942ರಲ್ಲಿ ಎಂಬಿಬಿಎಸ್ ಬಂತು, 1947ರಿಂದ ಹುಡುಗರಿಗೂ ಸೀಟು. ಐಡಾ ತೀರಿಕೊಂಡಿದ್ದು 1960ರಲ್ಲಿ, ಕೊಡೈಕೆನಾಲ್‌ನಲ್ಲಿ. ಅಷ್ಟರೊಳಗೆ ಸಿಎಂಸಿಗೆ ಮೊದಲ ಭಾರತೀಯ ಡೈರೆಕ್ಟರ್ ಬಂದಾಗಿತ್ತು, ಡಾ. ಹಿಲ್ಡಾ ಲಾಜರಸ್ ಅಂತ, ವಿಶಾಖಪಟ್ಟಣದ ಹೆಣ್ಣುಮಗಳು, ಹೆರಿಗೆ ಡಾಕ್ಟರು.