ಅಪ್ಪನ ಅರುವತ್ತಕ್ಕೆ ಮಡಚುವ ಚೂರಿ: ಪಿನ್ ಬಡಿಯುವ ಮುನ್ನ

ತಮ್ಮಾ, ನಿನ್ನ ಅಪ್ಪನ ಷಷ್ಟ್ಯಬ್ದಿಗೆ ಅಂಗಡಿಯ ಶಾಲಿನ ಬದಲು ಕೈಯಾರೆ ಮಾಡಿದ ಚೂರಿ ಕೊಡುತ್ತೇನೆ ಎಂದು ನೀನು ಬರೆದದ್ದನ್ನು ಓದಿ ತುಂಬಾ ಸಂತೋಷವಾಯಿತು. ಮಡಚುವ ಚೂರಿಯ ಬಿಡಿಭಾಗಗಳ ಕಿಟ್ ತರಿಸಿ ಫೋಟೊ ಹಾಕಿದ್ದೀಯ. ಹಿಡಿಗೆ ಯಾವ ಮರ ಒಳ್ಳೆಯದು, ಪಿನ್ ಬಡಿಯುವ ಬದಲು ಎಲ್ಲವನ್ನೂ ಅಂಟಿನಲ್ಲೇ ನಿಲ್ಲಿಸಬಹುದೇ ಎಂದು ಕೇಳಿದ್ದೀಯ. ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಖಂಡಿತ ಬೇಡ. ಮರವನ್ನು ಹಿಡಿಯ ಒಳಗಿನ ಹಿತ್ತಾಳೆಯ ಪಟ್ಟಿಗೆ ಹಿಡಿಸುವಷ್ಟಕ್ಕೆ ಅಂಟು ಸಾಕು. ಅಲಗು ತಿರುಗುವ ಜಾಗದಲ್ಲಿ ಭಾರವೆಲ್ಲ ಪಿನ್ನಿನ ಮೇಲೆಯೇ ಬೀಳುತ್ತದೆ.

ಫೋಟೊದಲ್ಲಿ ಒಂದು ಅಲಗು, ಎರಡು ಹಿತ್ತಾಳೆ ಪಟ್ಟಿ, ಬೆನ್ನಿಗೆ ಕೂರುವ ಉಕ್ಕಿನ ಸ್ಪ್ರಿಂಗ್ ಮತ್ತು ಮೂರು ಪಿನ್‌ಗಳು ಕಾಣುತ್ತವೆ. ಅಂದರೆ ಇದು ಬೀಗ ಇಲ್ಲದ, ಹಳೆಯ ಕ್ರಮದ ಚೂರಿ. ತೆರೆದಾಗಲೂ ಮಡಚಿದಾಗಲೂ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗಿನ ಒತ್ತಡ ಮಾತ್ರ. ಆದ್ದರಿಂದ ಮರಕ್ಕೆ ಕೈ ಹಾಕುವ ಮೊದಲೇ ಒಮ್ಮೆ ಒಣ ಜೋಡಣೆ ಮಾಡು. ಅಲಗಿನ ಬಾಯಿಗೆ, ಅಂದರೆ ಹರಿತದ ಅಂಚಿಗೆ, ಎರಡು ಸುತ್ತು ದಪ್ಪ ಟೇಪ್ ಸುತ್ತಿ, ಪಿನ್‌ಗಳನ್ನು ಬರಿದೇ ತೂರಿಸಿ, ನಿಧಾನವಾಗಿ ತೆರೆದು ಮಡಚಿ ನೋಡು. ಮಡಚಿದಾಗ ತುದಿ ಪಟ್ಟಿಗಳ ಒಳಗೆ ಪೂರ್ತಿ ಮುಳುಗಬೇಕು. ಆಮೇಲೆ ಟೇಪ್ ತೆಗೆದು, ಬಾಯಿ ಸ್ಪ್ರಿಂಗಿಗೆ ತಾಗದೆ ಕೂದಲೆಳೆಯಷ್ಟಾದರೂ ಎಡೆ ಉಳಿಯುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡು. ತಾಗಿದರೆ ಎಷ್ಟು ಮಸೆದರೂ ಪ್ರತಿ ಸಲ ಮಡಚುವಾಗ ಹರಿತ ಕೆಡುತ್ತದೆ. ಇನ್ನು ತುದಿ ಮುಳುಗದಿದ್ದರೆ: ಬುಡದ ಹತ್ತಿರ ಅಲಗಿನ ಒಂದು ಸಣ್ಣ ಮೂಲೆ ಸ್ಪ್ರಿಂಗಿನ ಮೇಲೆ ಕೂರುತ್ತದಲ್ಲ, ಅದನ್ನು ಅರದಿಂದ ಉಜ್ಜಿದಷ್ಟೂ ಅಲಗು ಒಳಗೆ ಇಳಿಯುತ್ತದೆ. ತೆಗೆದದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ, ಹಾಗಾಗಿ ನಾಲ್ಕು ಎಳೆತಕ್ಕೊಮ್ಮೆ ಜೋಡಿಸಿ ನೋಡು.

ಇನ್ನು ಮರ. ಕಿಟ್‌ನ ಜೊತೆ ಬಂದ ಬಣ್ಣದ ತುಂಡುಗಳನ್ನು ಬದಿಗಿಡು. ಹಳೆಯ ಮನೆಯ ಮುಚ್ಚಿಗೆ ಬಿಚ್ಚಿದ ಹಲಸಿನ ಹಲಗೆ ಕೊಟ್ಟಿಗೆಯಲ್ಲಿದೆ ಎಂದು ನೀನೇ ಬರೆದಿದ್ದೀಯ. ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ನಿನ್ನ ಅಪ್ಪ ಹುಟ್ಟಿ ಬೆಳೆದ ಮನೆಯ ಮರ ಎಂಬುದು ಒಂದು ಕಾರಣ. ಇನ್ನೊಂದು ಕೆಲಸದ ಕಾರಣ: ಎಷ್ಟೋ ಮಳೆಗಾಲ, ಬೇಸಗೆ ಕಂಡ ಹಲಗೆ ಇನ್ನು ಬಾಗುವುದು, ಸೀಳುವುದು ಕಡಿಮೆ. ಹೊಸತಾಗಿ ಕೊಯ್ದ ಮರ ನಮ್ಮ ಊರಿನ ತೇವಕ್ಕೆ ಉಬ್ಬಿ, ಕುಂಭ ಮಾಸದ ಬಿಸಿಲಿಗೆ ಕುಗ್ಗಿ, ಅಂಟನ್ನೇ ಬಿಡಿಸಿಕೊಂಡು ಬರುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯ ಜಿಲ್ಲೆ ನಮ್ಮದು. ಕಾರ್ಯಕ್ರಮ ನವರಾತ್ರಿ ಕಳೆದ ಮೇಲೆ ಎಂದಿದ್ದೀಯ, ಆದ್ದರಿಂದ ಆಟಿ ತಿಂಗಳ ಈ ಜಡಿಮಳೆಯಲ್ಲಿ ಅಂಟಿಸಬೇಡ. ತುಂಡುಗಳನ್ನು ಕೊಯ್ದು ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಮುಂದಿನ ಸೋಣ ತಿಂಗಳಲ್ಲಿ ಬಿಸಿಲು ಕಂಡಾಗ ಮುಂದುವರಿ. ಹಲಸು ಈಗ ಹಳದಿಯಾಗಿ ಕಂಡರೂ ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ.

ನಿನ್ನ ಪ್ರಶ್ನೆಗೆ ಉತ್ತರಿಸುತ್ತಾ ಒಬ್ಬರು ಹಿಡಿಗೆ ಕಾಸರಕನ ಮರ ಸೂಚಿಸಿದ್ದಾರೆ. ಕಾಸರಗೋಡಿನ ಹೆಸರಿಗೂ ಆ ಮರಕ್ಕೂ ನಂಟು ಹೇಳುವವರಿದ್ದಾರೆ, ಅವರ ಊರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೀಜದಲ್ಲೂ ತೊಗಟೆಯಲ್ಲೂ ಇರುವುದು ಕಡು ವಿಷ. ಮಾವಿನಹಣ್ಣು ಕೊಯ್ಯುವ, ವೀಳ್ಯದೆಲೆಯ ತೊಟ್ಟು ತೆಗೆಯುವ ಚೂರಿಗೆ ಅದು ಬೇಡವೇ ಬೇಡ. ಹಲಸನ್ನು ಉಜ್ಜುವಾಗಲೂ ಮೂಗಿಗೆ ಬಟ್ಟೆ ಕಟ್ಟಿಕೋ.

ಮರಕ್ಕೆ ತೂತು ಕೊರೆಯಲು ಹಿತ್ತಾಳೆ ಪಟ್ಟಿಯ ತೂತೇ ಅಳತೆ. ಅಡಿಯಲ್ಲಿ ಒಂದು ಬೇಡದ ಹಲಗೆ ಇಟ್ಟುಕೋ, ಇಲ್ಲದಿದ್ದರೆ ಡ್ರಿಲ್ ಹೊರಬರುವ ಕಡೆ ಮರ ಸಿಬಿರೇಳುತ್ತದೆ. ಒಂದು ತೂತು ಕೊರೆದು, ಅದಕ್ಕೆ ಪಿನ್ ತೂರಿಸಿ, ಆಮೇಲೆ ಎರಡನೆಯದನ್ನು ಕೊರೆ. ಹಾಗೆ ಮಾಡಿದರೆ ಹಲಗೆ ಜರುಗುವುದಿಲ್ಲ. ಹಿತ್ತಾಳೆಯನ್ನು ಒರಟು ಮರಳು ಕಾಗದದಿಂದ ಗೀರಿ, ಥಿನ್ನರಿನಲ್ಲಿ ಒರೆಸಿ, ಆ ಮೇಲೆ ಬೆರಳು ತಾಗಿಸದೆ ಅಂಟು ಹಚ್ಚು. ಐದು ನಿಮಿಷದಲ್ಲಿ ಹಿಡಿಯುವ ಅಂಟು ಬೇಡ, ರಾತ್ರಿಯಿಡೀ ಗಟ್ಟಿಯಾಗುವ ಅರಾಲ್ಡೈಟ್ ತೆಗೆದುಕೋ. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ನಡುವೆ ಏನೂ ಉಳಿಯುವುದಿಲ್ಲ. ಆಕಾರ ಕೊಡುವಾಗ ಗ್ರೈಂಡರ್ ಹಿಡಿಯದೆ ಅರದಲ್ಲಿಯೇ ಮಾಡು. ಗ್ರೈಂಡರಿನ ಬಿಸಿಗೆ ಅಂಟು ಮೆದುವಾಗುತ್ತದೆ. ಅಲಗಿಗೆ ತಾಗಿ ಉಕ್ಕು ನೀಲಿಗೆ ತಿರುಗಿತೆಂದರೆ ಹದ ಹೋದಂತೆಯೇ.

ಈಗ ಪಿನ್. ಮೊದಲ ಚೂರಿಯಲ್ಲಿ ನಾನು ತಪ್ಪಿದ್ದು ಇಲ್ಲಿಯೇ. ಬಲವಾಗಿ ನಾಲ್ಕು ಪೆಟ್ಟು ಕೊಟ್ಟೆ, ಅಲಗು ಅಲುಗಾಡದಂತೆ ಸಿಕ್ಕಿಕೊಂಡಿತು. ಪಿನ್ ಕೊರೆದು ತೆಗೆಯುವಾಗ ಮರವೂ ಸೀಳಿತು, ಎರಡು ವಾರದ ಕೆಲಸ ಹೋಯಿತು. ನೀನು ಹೀಗೆ ಮಾಡು. ತಂಪು ಪಾನೀಯದ ಖಾಲಿ ಡಬ್ಬಿಯಿಂದ ತೆಳು ತಗಡು ಕತ್ತರಿಸಿ, ಪಿನ್ನನ್ನು ಬಳಸಿ ಹೋಗುವಂತೆ ನಡುವೆ ಸೀಳು ಮಾಡಿ, ಎಣ್ಣೆ ಹಚ್ಚಿ ಅಲಗಿಗೂ ಪಟ್ಟಿಗೂ ನಡುವೆ ಸೇರಿಸು. ಪಿನ್ ಎರಡೂ ಬದಿಗೆ ಒಂದು ಮಿ.ಮೀ.ನಷ್ಟು ಹೊರಗಿರಲಿ. ಕೆಳಗೆ ಗಟ್ಟಿಯಾದ ಕಬ್ಬಿಣ ಇಟ್ಟು, ಸಣ್ಣ ಗುಂಡುತಲೆಯ ಸುತ್ತಿಗೆಯಿಂದ ಪಿನ್ನಿನ ಅಂಚಿನ ಸುತ್ತ ಹಗುರವಾಗಿ ತಟ್ಟುತ್ತಾ ಹೋಗು. ಹತ್ತು ಸಲ ತಟ್ಟಿ ಮಗುಚಿ ಹಾಕು, ಪ್ರತಿ ಸಲವೂ ತೆರೆದು ಮಡಚಿ ನೋಡು. ಅಲಗು ಅಡ್ಡಕ್ಕೆ ಅಲ್ಲಾಡುವುದು ನಿಂತ ಕ್ಷಣ ಸುತ್ತಿಗೆ ಕೆಳಗಿಟ್ಟು ತಗಡನ್ನು ಎಳೆದು ತೆಗೆ. ಅದು ಬಿಟ್ಟುಹೋದ ಎಡೆಯಲ್ಲಿ ಅಲಗು ಸಲೀಸಾಗಿ ತಿರುಗುತ್ತದೆ.

ಮರಕ್ಕೆ ಕಾದಾರಿದ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಒರೆಸು. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವುದಿಲ್ಲ, ಹಿಡಿ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸು. ತಿರುಗುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಮಸೆಯುವುದು ಎಲ್ಲಕ್ಕಿಂತ ಕೊನೆಗೆ, ಸಾಣೆ ಕಲ್ಲಿನ ಮೇಲೆ ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ.

ಅಲಗು ಸ್ಟೇನ್‌ಲೆಸ್ ಸ್ಟೀಲೋ ಕಾರ್ಬನ್ ಉಕ್ಕೋ ಎಂದು ಕಿಟ್‌ನ ಚೀಟಿಯಲ್ಲಿ ನೋಡಿಕೋ. ಕಾರ್ಬನ್ ಆದರೆ ಹಸಿ ಅಡಿಕೆಯ ಚೊಗರು ತಾಗಿದೊಡನೆ ಕಪ್ಪಾಗುತ್ತದೆ. ಅದು ತುಕ್ಕಲ್ಲ. ಒರೆಸಿಟ್ಟರೆ ಸಾಕು ಎಂದು ಅಪ್ಪನಿಗೆ ಹೇಳು. ಬೀಗವಿಲ್ಲದ ಚೂರಿ ಎಂಬುದನ್ನೂ ಹೇಳಲೇಬೇಕು. ತುದಿಯಿಂದ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಅಡಿಕೆ ಸುಲಿಯಲು ಮೆಟ್ಟುಕತ್ತಿಯೇ ಇರಲಿ. ಇದು ಕಾಳುಮೆಣಸಿನ ಬಳ್ಳಿಯ ಕಟ್ಟು ಕೊಯ್ಯುವುದಕ್ಕೆ, ಅಡಿಕೆ ಹಾಳೆ ಸೀಳುವುದಕ್ಕೆ.

ಇಂಥ ಚೂರಿಗೆ ಲೈಸೆನ್ಸ್ ಬೇಕು ಎಂದು ನಿನ್ನನ್ನು ಹೆದರಿಸಿದವರಿಗೆ: 2016ರ ಆಯುಧ ನಿಯಮಗಳು ಹೇಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ. ಅದರಲ್ಲೂ ಮನೆಬಳಕೆ, ಕೃಷಿಯ ಕತ್ತಿಗಳನ್ನು ಬಿಟ್ಟಿದೆ. ನಿನ್ನದು ಮೂರು ಇಂಚು. ಬಜ್ಪೆಯಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವಾಗ ಮಾತ್ರ ಕೈಚೀಲದಲ್ಲಿ ಇರಬಾರದು.

ನಮ್ಮ ಮನೆಯಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವ ಕ್ರಮವಿಲ್ಲ. ನಿನ್ನ ಅಜ್ಜಿಯೂ ಹಾಗೆಂದರೆ ಎದುರಾಡಬೇಡ. ಬಾಳೆಲೆಯ ತುಂಡಿನ ಮೇಲೆ ಮಡಚಿಟ್ಟು ನಮಸ್ಕಾರ ಮಾಡು, ಅಪ್ಪ ತಾನೇ ಎತ್ತಿಕೊಳ್ಳಲಿ. ಒಣ ಜೋಡಣೆ ಮುಗಿದ ದಿನ ಮಡಚಿದ ಸ್ಥಿತಿಯ ಫೋಟೊ ಒಂದನ್ನು ಇಲ್ಲಿ ಹಾಕು. ಅಲಗಿನ ಎಡೆ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಅಂಟಿನ ಟ್ಯೂಬು ತೆರೆಯಬೇಡ.