ಇಂಗ್ಲೆಂಡಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ಚುಕ್ಕಾಣಿ ಅದರ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಕೈಗೆ ಹೋದದ್ದು ಯಾವ ಆಲ್ಬಂನಿಂದ?

ಒಂದನ್ನೇ ಹೆಸರಿಸಬೇಕೆಂದರೆ 1977ರ 'ಅನಿಮಲ್ಸ್'. ಹಾಡು ಕಟ್ಟಿದವರ ಹೆಸರುಗಳನ್ನು ನೋಡಿದರೆ ಸಾಕು. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ ಸಾಹಿತ್ಯವೆಲ್ಲ ವಾಟರ್ಸ್‌ದಾದರೂ ಸಂಗೀತದಲ್ಲಿ ತಂಡದ ನಾಲ್ವರಿಗೂ ಪಾಲಿತ್ತು. 'ಅನಿಮಲ್ಸ್' ಹೊತ್ತಿಗೆ ಕೀಬೋರ್ಡಿನ ರಿಚರ್ಡ್ ರೈಟ್‌ಗೆ ಒಂದು ಹಾಡಿನಲ್ಲೂ ಪಾಲಿಲ್ಲ. ಗಿಟಾರ್‌ನ ಡೇವಿಡ್ ಗಿಲ್ಮೋರ್ ಹೆಸರು 'ಡಾಗ್ಸ್' ಒಂದರಲ್ಲಿ ಮಾತ್ರ. ತಮಾಷೆಯೆಂದರೆ ಆ ಹಾಡು ಸುಮಾರು 17 ನಿಮಿಷ, ಆಲ್ಬಂನ ಕಾಲು ಭಾಗಕ್ಕಿಂತ ಹೆಚ್ಚು! ಆದರೆ ರಾಯಲ್ಟಿ (ಹಾಡು ಕಟ್ಟಿದವರಿಗೆ ಸಲ್ಲುವ ಹಣ) ಹಂಚಿಕೆ ನಿಮಿಷದ ಲೆಕ್ಕದಲ್ಲಲ್ಲ, ಹಾಡಿನ ಲೆಕ್ಕದಲ್ಲಿ. ವಾಟರ್ಸ್ ಬರೆದ ಪುಟ್ಟ 'ಪಿಗ್ಸ್ ಆನ್ ದ ವಿಂಗ್' ಎರಡು ತುಂಡಾಗಿ ಎರಡು ಹಾಡೆನಿಸಿಕೊಂಡಿತು. ಮನಸ್ತಾಪ ಹುಟ್ಟದೆ ಇರುತ್ತದೆಯೇ?

'ದ ವಾಲ್' (1979) ವೇಳೆಗೆ ರೈಟ್ ತಂಡದಿಂದಲೇ ಹೊರಬಿದ್ದು, ಆ ಆಲ್ಬಂನ ಸಂಗೀತ ಕಾರ್ಯಕ್ರಮಗಳಲ್ಲಿ ಸಂಬಳಕ್ಕೆ ನುಡಿಸಿದರು. 1983ರ 'ದ ಫೈನಲ್ ಕಟ್' ಪೂರ್ತಿ ವಾಟರ್ಸ್ ರಚನೆ, ಹೆಸರಷ್ಟೇ ತಂಡದ್ದು.